ಬಾವುಟದ ಗುಂಡಿಗೆ ಒಂದು ಹಿಡಿ ಮಣ್ಣು

ಬಾವುಟದ ಕಂಬ ನೆಡುವ ಗುಂಡಿಯ ಮುಂದೆ ಕೂತು ಮುದುಕಿ ಐಬರೀನಾ ತನ್ನ ಚೀಲ ಬಿಚ್ಚಿದಳು. ಸ್ವಾತಂತ್ರ್ಯದ ದಿನ ಪ್ರತಿ ಮನೆತನವೂ ತನ್ನವರ ಹೊಕ್ಕುಳಬಳ್ಳಿ ಹೂತ ಜಾಗದಿಂದ ಒಂದು ಹಿಡಿ ಮಣ್ಣು ತಂದು ಸುರಿಯಬೇಕೆಂದು ದ್ವೀಪದ ಹಿರಿಯರು ತೀರ್ಮಾನಿಸಿದ್ದರು. ಹನ್ನೊಂದು ಮನೆತನದವರು ಸುರಿದಾಗಿತ್ತು. ಅವಳ ಚೀಲದಿಂದ ಉದುರಿದ್ದು ಬೂದುಬಣ್ಣದ ಹರಳು.

“ಇದೇನತ್ತೆ, ಅಂಗಡಿ ಗೊಬ್ಬರ! ಇವತ್ತೂ ತಮಾಷೆನಾ?” ಎಂದ ಅವಳ ತಮ್ಮನ ಮಗ ದೆಗೋರಾ. ಇನ್ನು ಮೇಲೆ ದ್ವೀಪವನ್ನು ಆಳುವವನು ಅವನೇ. ಸುತ್ತಲಿದ್ದವರು ನಕ್ಕರು.

“ತಮಾಷೆ ಅಲ್ಲ ಕಣೋ. ಮೊದ್ಲು ಹಡಗಿನೋರು ಬಂದು ಕುಡಿಯೋಕೆ ನೀರು ಕೇಳಿದ್ರು, ನಮ್ಮಜ್ಜ ಕೊಟ್ಟ. ಆಮೇಲೆ ಕಲ್ಲು ಕೇಳಿದ್ರು, ನಮ್ಮಪ್ಪ ಹೆಬ್ಬೆಟ್ಟು ಒತ್ತಿದ. ನಾನು ಹುಟ್ಟಿದ ಜಾಗದಲ್ಲಿ ಹುಡುಕಿ ಬಂದೆ. ಅಲ್ಲಿ ಚೂಪು ಹವಳದ ಬಂಡೆ ಬಿಟ್ರೆ ಒಂದು ಚಿಟಿಕೆ ಮಣ್ಣಿಲ್ಲ. ನೆಲಾನೇ ಅಗೆದು, ಅರೆದು ಗೊಬ್ಬರ ಮಾಡಿ ನಮಗೇ ಮಾರ್ತಾರೆ. ನನ್ನ ಹೊಕ್ಕುಳಬಳ್ಳಿ ಇದ್ರೆ ಇದರೊಳಗೇ ಇರ್ಬೇಕು.”

ನಗು ನಿಂತಿತು. ದೆಗೋರಾ ಮಂಡಿಯೂರಿ, ಆ ಹರಳನ್ನು ಎರಡೂ ಕೈಯಿಂದ ಬಾಚಿ ಗುಂಡಿಗೆ ತಳ್ಳಿದ. ಅವನ ಕಣ್ಣು ಒದ್ದೆಯಾಗಿತ್ತು. ಕಂಬ ಎದ್ದಿತು, ಬಾವುಟ ಬಿಚ್ಚಿಕೊಂಡಿತು. ಚಪ್ಪಾಳೆಯ ನಡುವೆಯೂ ಬಂದರಿನ ಕಡೆಯಿಂದ ಕಲ್ಲು ಅರೆಯುವ ಯಂತ್ರದ ಸದ್ದು ಕೇಳುತ್ತಲೇ ಇತ್ತು.

“ಅದನ್ನ ಯಾವಾಗ ನಿಲ್ಲಿಸ್ತೀಯೋ?”

“ನಿಲ್ಲಿಸೋದ್ಯಾಕತ್ತೆ?” ಅಂಗೈಯ ಪುಡಿ ಕೊಡವಿ ಅವನು ಪ್ರೀತಿಯಿಂದ ಅವಳ ಭುಜ ಹಿಡಿದ. “ಇನ್ಮೇಲೆ ಅಗೆಯೋರು ನಾವೇ. ನಮ್ಮನೆ ಹಿಂದಿನ ಗುಡ್ಡದಿಂದ್ಲೇ ಶುರು ಮಾಡೋಣ.”