ತೊಟ್ಟಿಯ ಹಗ್ಗ

ತೊಟ್ಟಿಯೊಳಗೆ ಭತ್ತ ಕುಸಿದು ರತನ್ ಮುಳುಗಿಹೋದ ಮೇಲೆ, ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಾಲಸ್ವಾಮಿಯ ಕೈಯಲ್ಲಿ ಜೀವವಿಲ್ಲದೆ ಉಳಿದಿತ್ತು. ಕಂಪ್ಲಿಯ ಆ ರೈಸ್‌ಮಿಲ್ಲಿನಲ್ಲಿ, ಗಟ್ಟಿಯಾದ ಭತ್ತ ಬಿಡಿಸಲು ತೊಟ್ಟಿಗೆ ಇಳಿದವನನ್ನು ಮೇಲಿನವನು ಆಗಾಗ "ಅದೀಯೇನ್ಲೇ?" ಎಂದು ಕೂಗಬೇಕು, ಒಳಗಿನವನು ಹಗ್ಗ ಜಗ್ಗಿ ಓಗೊಡಬೇಕು. ಬಂಗಾಳದ ರತನ್ ಜಗ್ಗುತ್ತಲೇ ತನ್ನ ಭಾಷೆಯಲ್ಲಿ "ಆಛಿ" ಎನ್ನುತ್ತಿದ್ದ, ಇದ್ದೇನೆ ಎಂದು.

ಅವನನ್ನು ಹೊರತೆಗೆಯಲು ಪುಟ್ಟಿಗಳಲ್ಲಿ ಭತ್ತ ಎತ್ತುತ್ತಿದ್ದವರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. "ಬಿಡ್ರಿ ಸ್ವಾಮಿ, ಹಗ್ಗ ಅಲುಗಿ ಭಾಳ ಹೊತ್ತಾತು. ಇನ್ನ ಹೆಣಾನ ಸಿಗೋದು," ಎಂದ ಅವರಲ್ಲೊಬ್ಬ, ತಿಪ್ಪೇಶ್. ಆಗಲೇ ರತನ್‌ನ ಹೆಂಡತಿ ಶೆಫಾಲಿ ಓಡಿ ಬಂದು, ಹಾಲಸ್ವಾಮಿಯ ಮುಖ ನೋಡಿ, "ಆಛೆ?" ಎಂದಳು. ಅವನ ಮನೆಗೆ ಉಪ್ಪು ಕೇಳಲು ಬಂದಾಗಲೂ ಅವಳದು ಅದೇ ಒಂದು ಮಾತು, ಇದೆಯಾ ಎಂದು. ಉಪ್ಪಿದ್ದರೂ ಆಛೆ, ಗಂಡನಿದ್ದರೂ ಆಛೆ.

ಹಾಲಸ್ವಾಮಿ ಎದೆಯ ಮೇಲಿನ ಲಿಂಗವನ್ನು ಎಡಗೈಯಿಂದ ಮುಚ್ಚಿಕೊಂಡ. ಬಲಗೈಯ ಹೆಬ್ಬೆರಳಿನಿಂದ, ಯಾರಿಗೂ ತಿಳಿಯದಂತೆ, ಹಗ್ಗವನ್ನು ಮೀಟಿದ. ಹಗ್ಗ ಅಲುಗಿದ್ದನ್ನು ಎಲ್ಲರೂ ಕಂಡರು.

"ಆಛೆ" ಎಂದ ಅವನು. ಪುಟ್ಟಿಗಳು ಮತ್ತೆ ಭತ್ತಕ್ಕೆ ಬಿದ್ದವು.