ಕುರಿ ಸಂಘದ ಪೆನ್‌ಡ್ರೈವ್

"ಇದನ್ನ ಎಷ್ಟು ಜನ ವಾಪಸ್ ತಂದವ್ರೆ?" ಶಿರಾದ ಮೂರನೇ ಅಂಗಡಿಯಲ್ಲಿ ಅಂಜಿನಮೂರ್ತಿ ಪೆನ್‌ಡ್ರೈವೊಂದನ್ನು ಬೆಳಕಿಗೆ ಹಿಡಿದು ಕೇಳಿದ.

ಅಂಗಡಿಯವನಿಗೆ ರೇಗಿತು. "ಒಬ್ರೂ ತಂದಿಲ್ಲ ಭಾಯ್. ಪಕ್ಕಾ ಒರಿಜಿನಲ್. ಈ ರೇಟಿಗೆ ತುಮಕೂರಲ್ಲೂ ಸಿಗಲ್ಲ."

ಅಂಜಿನಮೂರ್ತಿ ಅದನ್ನು ಮೆಲ್ಲಗೆ ಗಾಜಿನ ಮೇಲಿಟ್ಟು ಹೊರಟೇಬಿಟ್ಟ.

ಬೆಳಿಗ್ಗೆ ಮಧುಗಿರಿಯಲ್ಲೂ ಇದೇ ಕಥೆ. ಅಲ್ಲಿನ ಅಂಗಡಿಯವನಂತೂ ಪೆನ್‌ಡ್ರೈವನ್ನು ನೀರಿನ ಲೋಟಕ್ಕೆ ಹಾಕಿ, ತೆಗೆದು, ಒರೆಸಿ, ಕಂಪ್ಯೂಟರಿಗೆ ಚುಚ್ಚಿ ಹಾಡು ಕೇಳಿಸಿದ್ದ. ನಿಂತಿದ್ದವರೆಲ್ಲ ಭೇಷ್ ಎಂದರು. ಅಂಜಿನಮೂರ್ತಿಯ ಮುಖ ಮಾತ್ರ ಸಪ್ಪಗಾಯಿತು. ಕೊರಟಗೆರೆಯಲ್ಲಿ ಮನೆದೇವರ ಮೇಲೆ ಆಣೆ ಇಟ್ಟವನ ಮಾಲನ್ನು ಕೈಯಲ್ಲೂ ಮುಟ್ಟಿರಲಿಲ್ಲ. ಎಂಥ ಸಂಶಯದ ಪ್ರಾಣಿಯಪ್ಪಾ ಎಂದು ಮೂರು ತಾಲೂಕಿನ ಅಂಗಡಿಯವರೂ ಬೈದುಕೊಂಡರು.

ಪಾಪ, ಅವನಾದರೂ ಏನು ಮಾಡಿಯಾನು? ಅವನ ನೌಕರಿಯೇ ಆ ಪೆನ್‌ಡ್ರೈವಿನ ಮೇಲೆ ನಿಂತಿತ್ತು. ತೋವಿನಕೆರೆ ಆಚೆಯ ಹಟ್ಟಿಯೊಂದರಲ್ಲಿ ಅವನು ಕುರಿ ಸಾಕಣೆದಾರರ ಸಂಘದ ಕಾರ್ಯದರ್ಶಿ. ಯಾರದಾದರೂ ಕುರಿ ಸತ್ತರೆ ಫೋಟೊ ತೆಗೆದು ಪರಿಹಾರ ಕೊಡಿಸುವುದು ಅವನ ಕೆಲಸ. ರಂಗಕ್ಕನ ಹನ್ನೊಂದು ಕುರಿಗಳು ಒಂದೇ ವಾರದಲ್ಲಿ ಸತ್ತಾಗ, ಫೋಟೊ ಸ್ಪಷ್ಟವಿಲ್ಲ ಎಂದು ಬರೆದು ಅರ್ಜಿ ವಾಪಸ್ ಮಾಡಿದ್ದ. ಆ ಫೋಟೊ ತೆಗೆದವನೂ ಅವನೇ.

ರಂಗಕ್ಕ ಸುಮ್ಮನಿರುವ ಪೈಕಿಯಲ್ಲ. ಪರಿಹಾರ ಸಿಕ್ಕಿದ ಕುರಿಗಳ ಫೋಟೊಗಳು ಅದೆಷ್ಟು ಸ್ಪಷ್ಟವಾಗಿವೆಯೋ ತಾನೂ ನೋಡಬೇಕು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಗುಜರಾಯಿಸಿದಳು. ಸೋಮವಾರ ಹನ್ನೊಂದು ಗಂಟೆಗೆ ಅಷ್ಟೂ ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ತಂದು, ತಮ್ಮೆದುರಿಗೇ ತೆರೆದು ತೋರಿಸಿ, ಆಕೆಯ ಕೈಗೆ ಕೊಡಬೇಕು, ತಪ್ಪಿದರೆ ಅಮಾನತು ಎಂದು ಅಧಿಕಾರಿ ಆದೇಶ ಮಾಡಿದ್ದರು. ಅವತ್ತು ಶನಿವಾರ.

ಇಳಿಹೊತ್ತಿಗೆ ಅವನ ಬೈಕು ಪಾವಗಡದ ಕದರಪ್ಪನ ಅಂಗಡಿ ಮುಂದೆ ನಿಂತಿತು. ಕದರಪ್ಪನ ಬಾಯಲ್ಲಿ 'ಇಲ್ಲ' ಎಂಬ ಮಾತೇ ಬರುವುದಿಲ್ಲ. ಚಾರ್ಜರ್ ಕೇಳಿ, ಇಲಿಬೋನು ಕೇಳಿ, ಐತೆ ಎನ್ನುವ ಆಸಾಮಿ. ಅಂಜಿನಮೂರ್ತಿಗೆ ಸುತ್ತಿ ಸುತ್ತಿ ಸಾಕಾಗಿತ್ತು. ಅತ್ತಿತ್ತ ನೋಡಿ, ಗಲ್ಲಾಪೆಟ್ಟಿಗೆಯತ್ತ ಬಾಗಿ, ಆ ದಿನದ ಮೊದಲ ನಿಜ ನುಡಿದ.

"ಬಾಳಿಕೆ ಬರೋದು ನಂಗೆ ಬ್ಯಾಡ ಕಣಣ್ಣ. ಬೇಗ ಕೆಟ್ಟೋಗ್ಬೇಕು."

"ಎಷ್ಟು ಬೇಗ?" ಅಂಗಿಯ ಅಳತೆ ಕೇಳುವವನ ಹಾಗೆ ಕೇಳಿದ ಕದರಪ್ಪ.

"ಎರಡು ಸಲ ಓಪನ್ ಆಗ್ಬೇಕು. ಮೂರನೇ ಸಲಕ್ಕೆ ಸತ್ತೋಗ್ಬೇಕು."

"ಐತೆ ಸಾರ್. ಕೂಕೊಳ್ಳಿ."

ಒಂದು ಸಲ ಫೋಟೊ ತುಂಬಲು, ಇನ್ನೊಂದು ಸಲ ಸಾಹೇಬರಿಗೆ ತೋರಿಸಲು. ರಂಗಕ್ಕ ಸಹಿ ಹಾಕಿದರೆ ಫೈಲು ಮುಚ್ಚಿತು. ಆಮೇಲೆ ಅವಳ ಮನೆಯಲ್ಲಿ ಅದು ತೆರೆಯದಿದ್ದರೆ ಕಾರ್ಯದರ್ಶಿ ಹೊಣೆಯೇ? ಪುಣ್ಯಾತ್ಮನ ಲೆಕ್ಕಾಚಾರ ಇಷ್ಟು.

ಒಳಗೆ ಹೋದ ಕದರಪ್ಪ ಕಾಲು ಗಂಟೆ ಬಿಟ್ಟು ಬಂದ. ಕೈಯಲ್ಲಿದ್ದ ಪೆನ್‌ಡ್ರೈವಿಗೆ ಕವರಿಲ್ಲ, ಹೆಸರಿಲ್ಲ, ಮೈಯೆಲ್ಲ ಗೀಚು, ಮೇಲೆ ಸೀಮೆಎಣ್ಣೆ ವಾಸನೆ ಬೇರೆ. ನೋಡಿದರೇ ಆಯುಸ್ಸು ಮುಗಿದ ಹಾಗಿತ್ತು. ಅಂಜಿನಮೂರ್ತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೆಲೆ ಮಾತ್ರ ಒಳ್ಳೆಯದರ ಮೂರರಷ್ಟು. ಇದ್ಯಾವ ನ್ಯಾಯ ಎಂದು ಗೊಣಗಿದ.

"ಒಳ್ಳೇದು ಎಲ್ಲಾ ಕಡೆ ಸಿಗ್ತೈತೆ ಸಾರ್," ಎಂದ ಕದರಪ್ಪ. "ಹಿಂಗೆ ಹೇಳಿದ ಟೈಮಿಗೆ ಕೆಡೋದು ಸಿಗಾದು ಕಷ್ಟ."

ಅದೂ ನಿಜವೇ ಅನ್ನಿಸಿ ಕೊಟ್ಟು ಬಂದ. ಭಾನುವಾರ ನಲವತ್ತಮೂರು ಫೋಟೊ ತುಂಬಿದ. ಸಂಘದ ಕಂಪ್ಯೂಟರಿನಲ್ಲಿದ್ದ ಮೂಲಗಳನ್ನೆಲ್ಲ ಅಳಿಸಿದ. ವೈರಸ್ ತಗುಲಿ ಕಂಪ್ಯೂಟರು ಪೂರ್ತಿ ಕೆಟ್ಟುಹೋಗಿದೆ ಎಂದು ಒಂದು ಪತ್ರವನ್ನೂ ತಯಾರು ಮಾಡಿದ. ಅದನ್ನು ಟೈಪು ಮಾಡಿದ್ದು ಅದೇ ಕಂಪ್ಯೂಟರಿನಲ್ಲಿ.

ಸೋಮವಾರ ಪೆನ್‌ಡ್ರೈವ್ ಸಲೀಸಾಗಿ ತೆರೆಯಿತು. ಸಾಹೇಬರು ಮೂರು ಸತ್ತ ಕುರಿ ನೋಡಿ ಆಕಳಿಸಿದರು. ರಂಗಕ್ಕ ಸಹಿ ಮಾಡಿ, ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಅಂಜಿನಮೂರ್ತಿ ಅವತ್ತು ಹೋಟೆಲಿನಲ್ಲಿ ಎರಡು ಮಸಾಲೆದೋಸೆ ತಿಂದ.

ಅದೇ ಸಂಜೆ ಹಟ್ಟಿಯ ಟೀ ಅಂಗಡಿಯ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿದರು. ತೆರೆಯಿತು. ಮಂಗಳವಾರವೂ ತೆರೆಯಿತು, ಬುಧವಾರವೂ ತೆರೆಯಿತು. ಸಾಹೇಬರಿಗೆ ಕುರಿಯೆಂದರೆ ಕುರಿ, ಅಷ್ಟೇ. ಹಟ್ಟಿಯವರಿಗೆ ಹಾಗಲ್ಲ. ಮನೆ ಮಕ್ಕಳ ಗುರುತು ತಪ್ಪಿದರೂ ಕುರಿಯ ಗುರುತು ತಪ್ಪದು. ನಲವತ್ತಮೂರು ಮಂದಿಯ ಹೆಸರಿನಲ್ಲಿ ಸತ್ತು ಬಿದ್ದಿದ್ದುದು ಒಂದೇ ಕುರಿ. ಅದೇ ಹರಿದ ಎಡಗಿವಿ, ಅದೇ ಹಣೆಯ ಬಿಳಿ ಮಚ್ಚೆ. ಹದಿನೇಳನೆಯ ಫೋಟೊದಲ್ಲಿ ಒಂದು ಕಣ್ಣನ್ನೂ ಬಿಟ್ಟಿತ್ತು.

ಗುರುವಾರ ರಂಗಕ್ಕ ಆ ಕುರಿಯನ್ನು ಕಾರ್ಯದರ್ಶಿಯ ಹಿತ್ತಿಲಿನಿಂದಲೇ ಬಿಚ್ಚಿಕೊಂಡು, ಹಟ್ಟಿಯ ಹತ್ತು ಜನರ ಜೊತೆ ಸಾಹೇಬರ ಕಚೇರಿಗೆ ನಡೆಸಿಕೊಂಡು ಬಂದಳು.

"ಸತ್ತಿರೋ ಕುರಿ ತಂದಿವ್ನಿ ಸಾಮಿ," ಎಂದಳು. "ನಲವತ್ಮೂರು ಸಲ ಸತ್ತೈತೆ. ಹೋದ ವಾರ ಮರಿ ಹಾಕೈತೆ. ನನ್ನ ಹನ್ನೊಂದು ಮಾತ್ರ ಎದ್ದು ಬರ್ಲಿಲ್ಲ."

ಸಂಜೆಯೊಳಗೆ ಅಮಾನತಿನ ಆದೇಶ ಹೊರಬಿತ್ತು. ರಂಗಕ್ಕನ ಅರ್ಜಿ ಮತ್ತೆ ಮೇಜಿಗೆ ಬಂತು. ಮರುದಿನ ಅಂಜಿನಮೂರ್ತಿ ಬೈಕು ಹತ್ತಿ ನೇರ ಪಾವಗಡಕ್ಕೆ ಬಂದ. ಮೋಸಗಾರ, ಹಾಳು ಮಾಲು ಅಂತ ದುಡ್ಡು ಇಸ್ಕೊಂಡು ಎಂಥದ್ದು ಕೊಟ್ಟೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಕದರಪ್ಪ ಶಾಂತವಾಗಿ ಅವನಿಗೊಂದು ಸ್ಟೂಲು ಎಳೆದುಕೊಟ್ಟ.

"ಕೆಡೋ ಮಾಲು ಖಾಲಿಯಾಗಿತ್ತು ಸಾರ್, ಬಂದ ಗಿರಾಕೀನ ಬರಿಗೈಲಿ ಕಳಿಸಬಾರದು ಅಂತ ಕಂಪೆನಿ ಮಾಲಿನ ಹೆಸರು ಕೆರೆದು ಕೊಟ್ಟೆ, ಐದು ವರ್ಷ ಗ್ಯಾರಂಟಿ ಐತೆ, ಕೆಟ್ಟೋದ್ರೆ ತನ್ನಿ."