ಚರಂಡಿಗೆ ಹಾರಿದ ಪೇದೆ

ಕೈ ಅಡ್ಡ ಹಿಡಿದರೂ ನಿಲ್ಲದೆ ಸ್ಕೂಟರ್ ಮೈಮೇಲೇ ನುಗ್ಗಿ ಬಂದಾಗ, ಪೇದೆ ಚರಂಡಿಗೆ ಹಾರಿ ಜೀವ ಉಳಿಸಿಕೊಂಡಿದ್ದ. ಠಾಣೆಯಲ್ಲಿ ಇನ್‌ಸ್ಪೆಕ್ಟರರ ಮೀಸೆ ಅಜ್ಜಿಕತೆಯ ರಾಕ್ಷಸನದಂತೆ ಕುಣಿಯುತ್ತಿತ್ತು.

“ಪೊಲೀಸ್ರ ಮೇಲೇ ಗಾಡಿ ಹತ್ತಿಸ್ತೀಯೇನಮ್ಮಾ? ಇದು ಕೊಲೆಯತ್ನ. ಜೈಲೂಟ ಗ್ಯಾರಂಟಿ!”

ಸ್ಕೂಟರ್ ಓಡಿಸಿದ್ದ ಹೆಂಗಸು ಸೆರಗಿನ ತುದಿ ತಿರುಚುತ್ತಾ ನಿಂತಳು.

“ಹೋಗ್ಲಿ ಬಿಡಿ ಸಾರ್, ಪಾಪ,” ಎಂದ ಪೇದೆ, ಮುಖದ ಕೆಸರು ಒರೆಸಿಕೊಳ್ಳುತ್ತಾ.

“ನೀನು ಸುಮ್ನಿರಯ್ಯ, ಧರ್ಮರಾಯ! ಅಲ್ಲಮ್ಮಾ, ಬ್ರೇಕ್ ಹಾಕೋಕೆ ಏನು ದಾಡಿ ನಿಂಗೆ?”

“ಹೆಲ್ಮೆಟ್ ಇರ್ಲಿಲ್ಲ ಸಾರ್. ಪೊಲೀಸ್ರು ಅಡ್ಡ ಬಂದ್ರೆ ನಿಲ್ಲಿಸ್ಬೇಡ, ಸೀದಾ ನುಗ್ಗು, ಅವರೇ ಪಕ್ಕಕ್ಕೆ ಹಾರ್ತಾರೆ ಅಂತ ಗಾಡಿ ಕಲಿಸಿದೋರು ಹೇಳಿದ್ರು.”

“ಯಾವನವನು? ಹೆಸರು ಹೇಳು, ಮೊದಲು ಅವನನ್ನ ಒಳಗೆ ಹಾಕ್ತೀನಿ!”

“ಗಂಡನ ಹೆಸರು ಬಾಯಲ್ಲಿ ಹೇಳಬಾರ್ದಲ್ವಾ ಸಾರ್,” ಎಂದು ನಾಚಿದ ಆಕೆ, ಪೇದೆಯ ಎದೆಯ ಮೇಲಿದ್ದ ಹೆಸರಿನ ಪಟ್ಟಿಯ ಕೆಸರನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.